ದೋಣಿಗೆ ನೀರು ತುಂಬಿಸಿ ನೋಡಿದೆವು

ಹೋದ ಅಕ್ಟೋಬರ್‌ನಲ್ಲಿ ನಮ್ಮ ಮನೆಗೆ ಒಂದು ಹಳೇ ದೋಣಿ ಬಂತು. 14 ಅಡಿ ಉದ್ದ, ಪೂರ್ತಿ ಅಲ್ಯುಮಿನಿಯಂ. ಅಮೆರಿಕದಲ್ಲಿ ದೋಣಿಗಳಿಗೆ ಗುರುತಿನ ಸಂಖ್ಯೆ ಕಡ್ಡಾಯವಾಗಿದ್ದು 1972ರ ನವೆಂಬರ್‌ನಲ್ಲಿ. ಇದರ ಮೈಮೇಲೆ ಎಲ್ಲೂ ಅದಿಲ್ಲ. ಅಂದರೆ ನನಗಿಂತ ಹಿರಿಯದು.

ನಾವಿರುವ ಮಿನ್ನೆಸೋಟದಲ್ಲಿ ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಇಲ್ಲಿಯವರ ಪಾಲಿಗೆ ಮೀನು ಹಿಡಿಯುವುದು ಹಬ್ಬವಿದ್ದಂತೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ವಿಮಾನಗಳಿಗೆ ಹೋಗುತ್ತಿದ್ದ ಅಲ್ಯುಮಿನಿಯಂ ಆಮೇಲೆ ದೋಣಿಗಳಿಗೆ ಬಂತು. ಅಲ್ಯುಮಾಕ್ರಾಫ್ಟ್, ಲುಂಡ್, ಕ್ರೆಸ್ಟ್‌ಲೈನರ್ ಎಂಬ ದೋಣಿ ಕಂಪನಿಗಳೆಲ್ಲವೂ 1940ರ ದಶಕದಲ್ಲಿ ಈ ರಾಜ್ಯದಲ್ಲೇ ಹುಟ್ಟಿದವು. ನಮ್ಮದು ಅಲ್ಯುಮಾಕ್ರಾಫ್ಟ್.

ಎಲ್ಲಿ ಸೋರುತ್ತೆ ಅಂತ ಕಂಡುಹಿಡಿಯಲು ಕೆರೆಗೆ ಹೋಗಬೇಕಿಲ್ಲ. ಟ್ರೇಲರ್ ಮೇಲೇ ಇಟ್ಟು, ದೋಣಿಯೊಳಗೆ ನಾಲ್ಕೈದು ಇಂಚು ನೀರು ಬಿಟ್ಟೆವು. ಜಾಸ್ತಿ ತುಂಬಿದರೆ ಭಾರಕ್ಕೆ ತಳವೇ ಬಗ್ಗುತ್ತದೆ. ನಮ್ಮಜ್ಜಿ ಸಂತೆಯಲ್ಲಿ ಕೊಡ ಕೊಳ್ಳುವಾಗ ನೀರು ತುಂಬಿಸಿ ತಳ ನೋಡುತ್ತಿದ್ದರು. ಅದೇ ಲೆಕ್ಕ. ಕೆಳಗೆ ಮಲಗಿ ಟಾರ್ಚ್ ಬಿಟ್ಟರೆ, ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆಯ ತಲೆಯ ಸುತ್ತ ಮೊದಲು ಒಂದು ಒದ್ದೆ ಉಂಗುರ, ಆಮೇಲೆ ಒಂದು ಹನಿ. ಹನಿ ಕಂಡಲ್ಲೆಲ್ಲ ಮಾರ್ಕರ್‌ನಿಂದ ಸುತ್ತು ಹಾಕಿದೆ. 23 ಆದವು.

ನನಗೆ ನಿಜಕ್ಕೂ ಸಂಕಟವಾಗಿದ್ದು ಹಿಂಭಾಗ ನೋಡಿ. ಎಂಜಿನ್ ಕೂರುವ ಹಲಗೆಯನ್ನು ಹಿಂದೆ ಯಾರೋ ಬದಲಿಸಿದ್ದರು. ಹಾಕಿದ್ದು ಗೆದ್ದಲು ಹತ್ತದಂತೆ ತಾಮ್ರದ ಔಷಧಿ ಕುಡಿಸಿದ ಪ್ಲೈವುಡ್. ತಾಮ್ರ, ಅಲ್ಯುಮಿನಿಯಂ ಎರಡೂ ಒದ್ದೆಯಲ್ಲಿ ಒಟ್ಟಿಗಿದ್ದರೆ ಅಲ್ಯುಮಿನಿಯಂ ಸವೆದು ಹೋಗುತ್ತದೆ. ಹಲಗೆ ಕಿತ್ತಾಗ ಬಿಳೀ ಪುಡಿ ಉದುರಿತು. ತಗಡಿನಲ್ಲಿ ಸೂಜಿಮೊನೆಯಂಥ ತೂತುಗಳು. ಐವತ್ತು ವರ್ಷ ತಾಳಿದ ತಗಡನ್ನು ಒಂದು ತಪ್ಪು ಹಲಗೆ ತಿಂದಿತ್ತು. ಅಲ್ಲಿಗೆ ತೇಪೆ ಹಾಕಿ, ಔಷಧಿ ಇಲ್ಲದ ಮರೀನ್ ಪ್ಲೈವುಡ್ ಎರಡು ಪದರ ಅಂಟಿಸಿ, ಅಂಚು, ಬೋಲ್ಟಿನ ತೂತು ಯಾವುದನ್ನೂ ಬಿಡದೆ ನೀರು ತಡೆಯುವ ಎಪಾಕ್ಸಿ ಅಂಟು ಬಳಿದೆ. ದೋಣಿ ತೇಲಲೆಂದು ಸೀಟಿನ ಕೆಳಗೆ ಇಟ್ಟಿದ್ದ ಫೋಮ್ ನೀರು ಕುಡಿದು ಕಲ್ಲಿನಂತಾಗಿತ್ತು, ಅದನ್ನೂ ಬದಲಿಸಿದೆ.

ಸೋರುವ ರಿವೆಟ್ ತೆಗೆದು ಹೊಸದು ಹೊಡೆಯುವ ಕೆಲಸ ಒಬ್ಬರಿಂದ ಆಗುವುದಿಲ್ಲ. ಹೊರಗಿನಿಂದ ನಾನು ಗಾಳಿಯ ಒತ್ತಡದಿಂದ ಬಡಿಯುವ ಏರ್ ಹ್ಯಾಮರ್ ಹಿಡಿದರೆ, ಒಳಗೆ ಹೆಂಡತಿ ಒಂದು ಉಕ್ಕಿನ ಗಟ್ಟಿಯನ್ನು ರಿವೆಟ್‌ನ ಬಾಲಕ್ಕೆ ಒತ್ತಿ ಹಿಡಿಯಬೇಕು. ಗಟ್ಟಿ ಸ್ವಲ್ಪ ವಾಲಿದರೂ ಬಾಲ ಒಂದು ಕಡೆಗೆ ಮಡಚಿಕೊಳ್ಳುತ್ತದೆ. ಆಗ ಕೊರೆದು ತೆಗೆದು ಮತ್ತೆ ಶುರು. ಸರಿಯಾಗಿ ಕೂತರೆ ಬಾಲ ಗುಂಡಗೆ ಅಂಗಿಯ ಗುಂಡಿಯಂತೆ ಅರಳುತ್ತದೆ, ಬಡಿತದ ಸದ್ದೂ ಬದಲಾಗುತ್ತದೆ. ಮೂರನೇ ಭಾನುವಾರದ ಹೊತ್ತಿಗೆ ಅವಳು ಸದ್ದು ಕೇಳಿಯೇ "ಸಾಕು" ಅನ್ನುತ್ತಿದ್ದಳು. ಅವಳ ಲೆಕ್ಕ ತಪ್ಪಲಿಲ್ಲ.

ಸುಮ್ನೆ ಹೊಸದು ಕೊಳ್ಳಬಹುದಿತ್ತಲ್ವಾ ಅಂತ ಊರಿಂದ ಅಮ್ಮ ಕೇಳಿದರು. ವಿಡಿಯೋ ಕಾಲ್‌ನಲ್ಲಿ ಒಂದೊಂದೇ ರಿವೆಟ್ ತೋರಿಸಿದೆ. ಆಮೇಲೆ ಪ್ರತಿ ವಾರ "ಎಷ್ಟಾಯ್ತು?" ಅಂತ ಅವರೇ ಕೇಳತೊಡಗಿದರು.

ಮೇ ತಿಂಗಳಲ್ಲಿ ವಾಲೈ ಎಂಬ ಮೀನು ಹಿಡಿಯುವ ಕಾಲ ಶುರುವಾದ ದಿನ ಬೆಳಗಿನ ಜಾವ ದೋಣಿಯನ್ನು ನೀರಿಗಿಳಿಸಿದೆವು. ಕೈ ಮರಗಟ್ಟುವ ಚಳಿ. ಹೆಂಡತಿ ಗಾಳದ ಕಡೆ ನೋಡಲೇ ಇಲ್ಲ. ಬಗ್ಗಿ ತಳಕ್ಕೆ ಅಂಗೈ ಒತ್ತಿದಳು, ಎತ್ತಿ ನನಗೆ ತೋರಿಸಿದಳು. ಒಣಗಿತ್ತು.