ಶೇಂಗಾ ಬೀಜದಷ್ಟು ಪಿನ್ನು

ಗಂಗಾವತಿ ಕಡೆ ಕಾಲುವೆಗೆ ನೀರು ಬಿಟ್ಟರೆ ನಮ್ಮ ಶೆಡ್‌ನಲ್ಲಿ ಊಟಕ್ಕೂ ಪುರುಸೊತ್ತು ಇರಲ್ಲ. ಅಂಥ ದಿನವೇ ಒಬ್ಬ ರೈತರು 25 ವರ್ಷ ಹಳೆಯ 35 ಎಚ್‌ಪಿ ಟ್ರಾಕ್ಟರ್ ತಂದರು. "ಮೇಸ್ತ್ರಿ, ಗೇರ್ ಕಡ್ಡಿ ಸುಮ್ನೆ ಅಲ್ಲಾಡ್ತದೆ, ಸೆಕೆಂಡ್ ಸಿಗೋದೇ ಇಲ್ಲ" ಅಂದರು.

ಗೇರ್ ಪೆಟ್ಟಿಗೆಯ ಮುಚ್ಚಳ, ಅಂದರೆ ಟಾಪ್ ಕವರ್ ಎತ್ತಿ ನೋಡಿದೆ. ಕಡ್ಡಿಯ ಕೆಳಗಿನ ಮೂತಿ ಸವೆದಿತ್ತು. ಆ ಮೂತಿ, ಗೇರುಗಳನ್ನು ಸರಿಸುವ ಫೋರ್ಕ್ ರಾಡಿನ ಕಚ್ಚಿನಲ್ಲಿ ಕೂತು ರಾಡನ್ನು ಹಿಂದೆ ಮುಂದೆ ತಳ್ಳಬೇಕು. ಸವೆದರೆ ಎರಡು ಕಚ್ಚುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ವೆಲ್ಡಿಂಗ್ ತುಂಬಿಸಿ, ಅರದಿಂದ ಉಜ್ಜಿ ಅಳತೆಗೆ ತಂದೆ. ಕೆಲಸ ಜಾಸ್ತಿ ಇತ್ತು. ಬೇರೇನೂ ನೋಡದೆ ಕವರ್ ಮುಚ್ಚಿ ಕಳಿಸಿಬಿಟ್ಟೆ.

ನಾಲ್ಕನೇ ದಿನ ಫೋನ್ ಬಂತು. ಗಾಡಿ ಕೆಸರುಗದ್ದೆ ನಡುವೆ ನಿಂತಿದೆ. ಕ್ಲಚ್ ಒತ್ತಿದರೆ ಎಂಜಿನ್ ಓಡುತ್ತದೆ, ಬಿಟ್ಟ ತಕ್ಷಣ ಗಕ್ಕನೆ ಬಂದ್. ಒಟ್ಟಿಗೆ ಎರಡು ಗೇರ್ ಬಿದ್ದಿದ್ದವು.

ಬದುವಿನ ಮೇಲೆ ನಡೆದು ಹೋಗಿ, ಮಳೆಗೆ ತಾಡಪಾಲು ಹಿಡಿಸಿ ಕವರ್ ಬಿಚ್ಚಿದೆ. ಎರಡು ರಾಡುಗಳ ನಡುವೆ ಶೇಂಗಾ ಬೀಜದಷ್ಟು ಒಂದು ಪಿನ್ನು ಇರಬೇಕು. ಇಂಟರ್‌ಲಾಕ್ ಅಂತೀವಿ. ಒಂದು ರಾಡ್ ಸರಿದರೆ ಅದು ಪಕ್ಕದ ರಾಡಿನ ಕುಳಿಗೆ ಹೊಕ್ಕು ಅಲ್ಲಾಡದಂತೆ ಹಿಡಿಯುತ್ತದೆ. ಆ ಜಾಗ ಖಾಲಿ! ಹಿಂದೆ ಯಾರೋ ಬಿಚ್ಚಿದಾಗ ಕಳೆದಿರಬೇಕು. ಆದರೆ ಮೊನ್ನೆ ಕವರ್ ತೆರೆದವನು ನಾನು, ನೋಡಬೇಕಾದವನೂ ನಾನೇ ಅಲ್ವಾ. ಅವರ ನಾಟಿ ಎರಡು ದಿನ ತಡವಾಯಿತು. ಅದಕ್ಕೆ ಇವತ್ತಿಗೂ ಬೇಜಾರಿದೆ.

ರಾಡುಗಳನ್ನು ಮೀಟಿ ನ್ಯೂಟ್ರಲ್‌ಗೆ ತಂದು ಗಾಡಿಯನ್ನು ಶೆಡ್ ಸೇರಿಸಿದೆ. ಎಣ್ಣೆ ಇಳಿಸಿ ತಳದಲ್ಲೂ ಹುಡುಕಿದೆ. ಪಿನ್ನು ಅಲ್ಲಿ ಬಿದ್ದಿದ್ದರೆ ಗೇರಿನ ಹಲ್ಲೇ ಮುರಿಯುತ್ತಿತ್ತು. ರಾಡನ್ನು ಜಾಗದಲ್ಲಿ ಹಿಡಿಯುವ ಗುಂಡಿನ ಸ್ಪ್ರಿಂಗ್ ಹೊಸದರ ಪಕ್ಕ ಇಟ್ಟರೆ 3 ಮಿಲಿಮೀಟರ್ ಗಿಡ್ಡ. ಅದಕ್ಕೇ ಹಿಡಿತ ಸಾಲದೆ, ಏರಿನಲ್ಲಿ ಲೋಡ್ ಎಳೆಯುವಾಗ ಗೇರ್ ತಾನೇ ಬಿಚ್ಚಿಕೊಳ್ಳುತ್ತೆ ಅಂತ ಅವರು ಆಮೇಲೆ ಹೇಳಿದರು. ನಾನು ಮೊದಲೇ ಕೇಳಬೇಕಿತ್ತು.

ಮೊಣಕಾಲು ನೋವಿಗೆ ಸೈಡ್ ಶಿಫ್ಟ್, ಅಂದರೆ ಗೇರ್ ಕಡ್ಡಿ ಕಾಲುಗಳ ನಡುವೆ ಇರದೆ ಪಕ್ಕದಲ್ಲಿರುವಂತೆ, ಮಾಡಿಸಲಾ ಅಂತ ಕೇಳಿದರು. ಅದಕ್ಕೆ ಕವರ್ ಸಮೇತ ಬದಲಿಸಬೇಕು, ಸುಗ್ಗಿ ಮುಗಿಯಲಿ ಅಂದೆ. ಈಗ ಹೊಸ ಪಿನ್ನು, ಸ್ಪ್ರಿಂಗು, ಗುಂಡು ಹಾಕಿ, ಕಡ್ಡಿಯ ಬುಡಕ್ಕೆ ನೀರು ಇಳಿಯದಂತೆ ತಡೆಯುವ ಹೊಸ ರಬ್ಬರ್ ಬೂಟ್ ತೊಡಿಸಿದೆ. ಹಳೆಯದು ಹರಿದು, ಕೆಸರುನೀರು ಇಳಿದು, ಗೇರ್ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು.

ಈಗ ಕವರ್ ಮುಚ್ಚುವ ಮುಂಚೆ ಒಂದು ರಾಡನ್ನು ಗೇರಿಗೆ ಹಾಕಿ, ಇನ್ನೊಂದನ್ನು ಸ್ಕ್ರೂಡ್ರೈವರಿನಿಂದ ತಳ್ಳಿ ನೋಡುತ್ತೇನೆ. ಅದು ಸರಿಯಬಾರದು. ಸರಿದರೆ, ಎಷ್ಟೇ ಅವಸರ ಇದ್ದರೂ ಗಾಡಿ ಹೊರಗೆ ಬಿಡುವುದಿಲ್ಲ.