ಸೊಫೊರೋಲಿಪಿಡ್ ತಯಾರಿಕೆ: ಸಾರಜನಕಕ್ಕೆ ಬರ, ಸಕ್ಕರೆಗೆ ಬರವಿಲ್ಲ

ಪೆಟ್ರೋಲಿಯಂ ಮೂಲದ ಸರ್ಫ್ಯಾಕ್ಟೆಂಟ್‌ಗಳಿಗೆ (ಸೋಪಿನಂತೆ ಎಣ್ಣೆ-ನೀರನ್ನು ಬೆರೆಸುವ ವಸ್ತುಗಳಿಗೆ) ಬದಲಿ ಹುಡುಕುವ ಹಲವರು ಮೊದಲು ಕೈಹಾಕುವುದು ರಾಮ್ನೋಲಿಪಿಡ್ ಎಂಬ, ಬ್ಯಾಕ್ಟೀರಿಯಾ ತಯಾರಿಸುವ ಸರ್ಫ್ಯಾಕ್ಟೆಂಟ್‌ಗೆ. ಶುರುವಿಗೆ ಅದು ಬೇಡ. ಅದನ್ನು ಮಾಡುವ ಸ್ಯೂಡೋಮೊನಾಸ್ ಏರುಜಿನೋಸಾ ಮನುಷ್ಯರಿಗೆ ಸೋಂಕು ತರಬಲ್ಲ ಬ್ಯಾಕ್ಟೀರಿಯಾ. ಮೇಲಾಗಿ ಗಾಳಿ ಬಿಟ್ಟೊಡನೆ ನೊರೆ ಉಕ್ಕಿ ಫರ್ಮೆಂಟರ್‌ನ (ಸೂಕ್ಷ್ಮಜೀವಿ ಬೆಳೆಸುವ ದೊಡ್ಡ ಪಾತ್ರೆಯ) ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸಿಲಿಕೋನ್ ಹಾಕಿ ನೊರೆ ಇಳಿಸಹೋದರೆ ಆಮ್ಲಜನಕ ಕರಗುವ ವೇಗವೂ ಇಳಿಯುತ್ತದೆ. ಸ್ಟಾರ್ಮೆರೆಲ್ಲಾ ಬಾಂಬಿಕೋಲಾ ಎಂಬ ಯೀಸ್ಟ್ ಕೊಡುವ ಸೊಫೊರೋಲಿಪಿಡ್‌ನಲ್ಲಿ (ಸಕ್ಕರೆಗೆ ಕೊಬ್ಬಿನಾಮ್ಲ ಜೋಡಿಸಿದ ಸರ್ಫ್ಯಾಕ್ಟೆಂಟ್) ಈ ಕಾಟ ಕಡಿಮೆ. ಹಳೆಯ ಬರಹಗಳಲ್ಲಿ ಈ ಯೀಸ್ಟಿನ ಹೆಸರು ಕ್ಯಾಂಡಿಡಾ ಬಾಂಬಿಕೋಲಾ.

ಯೀಸ್ಟ್ ಬೆಳೆಸುವ ದ್ರವ, ಅಂದರೆ ಮಾಧ್ಯಮ, ಸರಳ: ಲೀಟರಿಗೆ ಗ್ಲೂಕೋಸ್ 100 ಗ್ರಾಂ, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 10 ಗ್ರಾಂ, ಯೂರಿಯಾ 1 ಗ್ರಾಂ. ಗ್ಲೂಕೋಸನ್ನು ಬೇರೆಯಾಗಿಯೇ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಗೊಳಿಸಿ); ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಜೊತೆ ಬೇಯಿಸಿದರೆ ಕಂದುಬಣ್ಣಕ್ಕೆ ತಿರುಗುತ್ತದೆ. ಯೂರಿಯಾ ಬಿಸಿಗೆ ಒಡೆದು ಅಮೋನಿಯಾ ಆಗುವುದರಿಂದ ಅದನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಸೇರಿಸಬೇಕು. 250 ಮಿ.ಲೀ. ಫ್ಲಾಸ್ಕಿಗೆ 50 ಮಿ.ಲೀ. ಮಾತ್ರ ಹಾಕಿ, 30 ಡಿಗ್ರಿಯಲ್ಲಿ, ನಿಮಿಷಕ್ಕೆ 200 ಸುತ್ತಿನಂತೆ 48 ಗಂಟೆ ಯೀಸ್ಟ್ ಬೆಳೆಸಿದರೆ ಬೀಜ (ಫರ್ಮೆಂಟರಿಗೆ ಹಾಕುವ ಹೆಪ್ಪು) ಸಿದ್ಧ. ಹೆಚ್ಚು ತುಂಬಿದರೆ ಗಾಳಿ ಸಾಲದು, ಈ ಯೀಸ್ಟ್ ಗಾಳಿಯ ಕೊರತೆಯನ್ನು ಸಹಿಸುವುದಿಲ್ಲ.

ಫರ್ಮೆಂಟರಿಗೂ ಅದೇ ಮಾಧ್ಯಮ, ಬೀಜ ಶೇ. 5ರಷ್ಟು. ಮೊದಲ ದಿನ ಕೋಶಗಳು ಬೆಳೆಯುತ್ತವೆ, ಉತ್ಪನ್ನ ಹೆಚ್ಚೇನೂ ಕಾಣದು. ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಮತ್ತು ಯೂರಿಯಾದಿಂದ ಬಂದ ಸಾರಜನಕ ಮುಗಿದು ಬೆಳವಣಿಗೆ ನಿಂತ ಮೇಲೆಯೇ ಸೊಫೊರೋಲಿಪಿಡ್ ಸುರಿಯತೊಡಗುವುದು. ಇಲ್ಲಿ ಅವಸರಪಟ್ಟು ಇನ್ನಷ್ಟು ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಹಾಕುವವರಿದ್ದಾರೆ. ಹಾಕಿದರೆ ಕೋಶಗಳಷ್ಟೇ ಹೆಚ್ಚುತ್ತವೆ. ಪಿಎಚ್ ತಾನಾಗಿ ಇಳಿಯುತ್ತದೆ, 3.5ಕ್ಕೆ ಬಂದಾಗ ಸೋಡಿಯಂ ಹೈಡ್ರಾಕ್ಸೈಡ್ ಕೊಟ್ಟು ಅಲ್ಲೇ ಹಿಡಿದಿಡಿ. ಅಷ್ಟು ಹುಳಿಯಲ್ಲಿ ಬಹುಪಾಲು ಬ್ಯಾಕ್ಟೀರಿಯಾ ತಲೆಯೆತ್ತುವುದಿಲ್ಲ ಎಂಬುದು ಹೆಚ್ಚುವರಿ ಲಾಭ.

ಸೊಫೊರೋಲಿಪಿಡ್‌ನ ಕೊಬ್ಬಿನ ಭಾಗಕ್ಕಾಗಿ ಗ್ಲೂಕೋಸ್ ಜೊತೆಗೆ ಎಣ್ಣೆಯನ್ನೂ ಉಣಿಸಬೇಕು; ಅದರ ಆಯ್ಕೆ ನಿರ್ಣಾಯಕ. 16 ಅಥವಾ 18 ಇಂಗಾಲದ ಸರಪಳಿಯ ಕೊಬ್ಬಿನಾಮ್ಲ ಬೇಕು, ಅಂದರೆ ಸೂರ್ಯಕಾಂತಿ ಎಣ್ಣೆ ಅಥವಾ ಓಲಿಯಿಕ್ ಆಮ್ಲ. ತೆಂಗಿನೆಣ್ಣೆಯಲ್ಲಿ ಹೆಚ್ಚಿರುವುದು 12 ಇಂಗಾಲದ ಲಾರಿಕ್ ಆಮ್ಲ. ಯೀಸ್ಟ್ ಅದನ್ನು ಬಹುಪಾಲು ಒಡೆದು ತನ್ನ ಶಕ್ತಿಗೆ ಬಳಸಿಕೊಳ್ಳುತ್ತದೆ. ಎಣ್ಣೆಯನ್ನು ಒಮ್ಮೆಲೇ ಸುರಿಯದೆ ಸ್ವಲ್ಪಸ್ವಲ್ಪವಾಗಿ, ಖರ್ಚಾದಷ್ಟೇ ಕೊಡಿ. ಗ್ಲೂಕೋಸ್ ಮಾತ್ರ ಲೀಟರಿಗೆ 30 ಗ್ರಾಂಗಿಂತ ಕೆಳಗಿಳಿಯದಿರಲಿ.

ಕೊನೆಗೆ ಕಲಕುವುದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಸೊಫೊರೋಲಿಪಿಡ್ ಜೇನಿನಂಥ ಕಂದು ಪದರವಾಗಿ ತಳಕ್ಕಿಳಿಯುತ್ತದೆ. ತುಸು ಬಿಸಿ ಮಾಡಿದರೆ ಬೇಗ ಬೇರ್ಪಡುತ್ತದೆ. ಎಣ್ಣೆ ಉಳಿದಿದ್ದರೆ ಹಾಲಿನಂತೆ ಕಲಸಿಕೊಂಡು ಪದರವೇ ಆಗದು. ಸ್ವಲ್ಪಸ್ವಲ್ಪ ಕೊಡಿ ಎಂದದ್ದು ಇದಕ್ಕೇ. ಇಳುವರಿಯ ಲೆಕ್ಕಕ್ಕಾಗಿ ಫರ್ಮೆಂಟರಿನ ದ್ರವದಿಂದ ಸೊಫೊರೋಲಿಪಿಡನ್ನು ಸಮಪ್ರಮಾಣದ ಈಥೈಲ್ ಅಸಿಟೇಟಿನಲ್ಲಿ ಎರಡು ಬಾರಿ ಎಳೆದು, ಒಣಗಿಸಿ, ಹೆಕ್ಸೇನಿನಲ್ಲಿ ತೊಳೆದು ತೂಗಬೇಕು. ಎರಡೂ ದ್ರಾವಕಗಳಿಗೆ ಸುಲಭವಾಗಿ ಬೆಂಕಿ ಹತ್ತುತ್ತದೆ, ಆವಿಯನ್ನು ಹೊರಹಾಕುವ ಫ್ಯೂಮ್ ಹುಡ್ಡಿನೊಳಗೇ ಮಾಡಿ. ಹೆಕ್ಸೇನ್ ತೊಳೆತ ಬಿಟ್ಟರೆ ಉಳಿದ ಎಣ್ಣೆಯೂ ಇಳುವರಿಯಾಗಿ ತೂಗುತ್ತದೆ. ಅನುಮಾನ ಬರುವಷ್ಟು ದೊಡ್ಡ ಇಳುವರಿ ಕಂಡಾಗ ಮೊದಲು ಕೇಳಬೇಕಾದ್ದು ಈ ಹಂತದ ಬಗ್ಗೆಯೇ.

ಸಿಗುವುದು ಎರಡು ರೂಪಗಳ ಮಿಶ್ರಣ. ಉಂಗುರ ಕಟ್ಟಿದ ಲ್ಯಾಕ್ಟೋನ್ ರೂಪ ನೀರಿನಲ್ಲಿ ಅಷ್ಟಾಗಿ ಕರಗದು, ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಅದಕ್ಕೇ ಹೆಚ್ಚು. ತೆರೆದ ಆಮ್ಲ ರೂಪ ಚೆನ್ನಾಗಿ ಕರಗಿ ನೊರೆಯನ್ನೂ ಕೊಡುತ್ತದೆ. ತೊಳೆಯುವ ದ್ರವ ಬೇಕಿದ್ದರೆ ಕ್ಷಾರದಲ್ಲಿ ಬಿಸಿ ಮಾಡಿ ಉಂಗುರ ಬಿಡಿಸಿಕೊಳ್ಳಬಹುದು.