ಎಂಜಿನ್ ಗುಜರಿಗೆ ಹಾಕುವ ಮುಂಚೆ

ನನ್ನ ಹಳೆ ಪುಟ್ಟ ಜೀಪು, ಸುಝುಕಿ ಎಸ್‌ಜೆ413ರ ಎಂಜಿನ್ ಸತ್ತಿದ್ದು ನನ್ನಿಂದಲೇ. ಹೊಳೆ ದಾಟುವ ಮೊದಲು ಇಳಿದು ಕೋಲಿನಲ್ಲಿ ಆಳ ನೋಡಬೇಕಿತ್ತು. ನೋಡಲಿಲ್ಲ. ಏರ್ ಫಿಲ್ಟರ್ ದಾರಿಯಲ್ಲಿ ನೀರು ಸಿಲಿಂಡರ್ ಒಳಗೆ ಹೋಯಿತು. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲು ಅದರಿಂದ ಆಗಲ್ಲ. ಟಕ್ ಅಂತ ಒಂದೇ ಸದ್ದು. ಕನೆಕ್ಟಿಂಗ್ ರಾಡ್ ಬಾಗಿತ್ತು.

1988ರ ಗಾಡಿ. ಏಣಿಯಂಥ ಚಾಸಿ, ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್, ಎಲೆಕ್ಟ್ರಾನಿಕ್ಸ್ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಇಂಥ ಗಾಡಿಗೆ ಕರೆಂಟ್ ಮೋಟಾರ್ ಕೂರಿಸುವುದು ಸುಲಭ ಅಂತ ಎಲ್ಲರೂ ಹೇಳಿದರು. ನಾನೂ ನಂಬಿದೆ. ಶನಿವಾರ, ಭಾನುವಾರ ಮಾತ್ರ ಕೆಲಸ ಮಾಡಿ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ನಾನು ಹೆದರಿದ್ದು ಕರೆಂಟಿಗೆ. ನನ್ನನ್ನು ಸತಾಯಿಸಿದ್ದು ಕಬ್ಬಿಣ.

ದೊಡ್ಡ ತಪ್ಪು ಮೊದಲ ತಿಂಗಳಲ್ಲೇ ಆಗಿಹೋಯಿತು. ಎಂಜಿನ್ ಇಳಿಸಿದ ಖುಷಿಯಲ್ಲಿ, ಜಾಗ ಖಾಲಿಯಾಗಲಿ ಅಂತ, ಮರುವಾರವೇ ಅದನ್ನು ಗುಜರಿಗೆ ಕೊಟ್ಟುಬಿಟ್ಟೆ. ನೆನಪಿಗೆ ಇರಲಿ ಅಂತ ಅದರ ಹಿಂದಿನ ಭಾರದ ಚಕ್ರ, ಫ್ಲೈವೀಲ್ ಒಂದನ್ನು ಇಟ್ಟುಕೊಂಡೆ. ಲೇತ್ ಕೆಲಸ ಮಾಡುವ ನನ್ನ ಹಿರಿಯ ಸ್ನೇಹಿತರೊಬ್ಬರಿದ್ದಾರೆ, ನಾವೆಲ್ಲ ಮೇಷ್ಟ್ರು ಅಂತಲೇ ಕರೆಯೋದು. ಅವರ ಹತ್ತಿರ ಮೋಟಾರ್ ತೆಗೆದುಕೊಂಡು ಹೋದಾಗ ಕೇಳಿದ ಮೊದಲ ಪ್ರಶ್ನೆ: "ಎಂಜಿನ್ ಮುಖದಿಂದ ಫ್ಲೈವೀಲ್ ಮುಖಕ್ಕೆ ಎಷ್ಟು ದೂರ?"

ನಾನು ಫ್ಲೈವೀಲ್ ತೋರಿಸಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಟೀ ತರಿಸಿದರು.

ವಿಷಯ ಏನೆಂದರೆ, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್, ಅಂದರೆ ಎಂಜಿನಿನ ಸುತ್ತನ್ನು ಒಳಗೆ ತರುವ ದಂಡ, ಒಂಟಿಯಾಗಿ ನಿಂತಿರುವುದಿಲ್ಲ. ಅದರ ಹಿಂದಿನ ತುದಿ ಗೇರ್‌ಬಾಕ್ಸ್ ಒಳಗಿನ ಬೇರಿಂಗಿನಲ್ಲಿ ಇರುತ್ತದೆ. ಮುಂದಿನ ಮೂಗು ಎಂಜಿನ್ ಕಡೆಯ ಸಣ್ಣ ಪೈಲಟ್ ಬೇರಿಂಗಿನಲ್ಲಿ ಕೂತಿರುತ್ತದೆ. ಎಂಜಿನ್ ತೆಗೆದರೆ ಮೂಗಿನ ಆಸರೆ ಹೋಯಿತು. ಮೋಟಾರಿಗೂ ಗೇರ್‌ಬಾಕ್ಸಿಗೂ ನಡುವೆ ಹಾಕುವ ಕಪ್ಲರ್ ಆ ಆಸರೆಯನ್ನು ಅದೇ ಜಾಗದಲ್ಲಿ, ಅದೇ ಆಳದಲ್ಲಿ ಮತ್ತೆ ಕೊಡಬೇಕು. ಆಳ ಜಾಸ್ತಿಯಾದರೆ ಕಪ್ಲರ್ ಶಾಫ್ಟನ್ನು ಹಿಂದಕ್ಕೆ ತಳ್ಳಿ ಬೇರಿಂಗ್ ತಿನ್ನುತ್ತದೆ. ಕಡಿಮೆಯಾದರೆ ಶಾಫ್ಟಿನ ಮೇಲಿನ ಸ್ಪ್ಲೈನ್ ಹಲ್ಲುಗಳು ಅರ್ಧಂಬರ್ಧ ಕಚ್ಚಿಕೊಂಡು ಒಂದು ದಿನ ಸವೆದುಹೋಗುತ್ತವೆ. ಮೇಷ್ಟ್ರು ಆ ದೂರ ಕೇಳಿದ್ದು ಈ ಆಳ ತಿಳಿಯಲಿಕ್ಕೇ. ಅಳತೆ ಪಟ್ಟಿ ಹಿಡಿದು ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಇದು. ಎಂಜಿನ್ ಕೈಯಲ್ಲಿದ್ದರೆ ಮಾತ್ರ.

ಇದೇ ಮಾದರಿಯ ಗಾಡಿ ಇದ್ದ ಪರಿಚಯದವರೊಬ್ಬರು ಕ್ಲಚ್ ಬದಲಿಸುವವರೆಗೆ ಆರು ವಾರ ಕಾದೆ. ಅವರ ಗೇರ್‌ಬಾಕ್ಸ್ ಇಳಿದ ದಿನ ಡೆಪ್ತ್ ಗೇಜ್ ಹಿಡಿದುಕೊಂಡು ಹೋಗಿ ನಾಲ್ಕು ಕಡೆ ಅಳೆದೆ. ಮನೆಗೆ ಬಂದು ಆ ಸಂಖ್ಯೆಯನ್ನು ಶೆಡ್ಡಿನ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದೆ. ಈಗಲೂ ಇದೆ.

ಆಮೇಲೆ ಎರಡನೇ ಪಾಠ. ಗೇರ್‌ಬಾಕ್ಸ್ ಎಂಜಿನಿಗೆ ಸೇರುವ ಗಂಟೆಯಾಕಾರದ ಮುಂಭಾಗ, ಅಂದರೆ ಬೆಲ್ ಹೌಸಿಂಗಿನ ಬೋಲ್ಟ್ ತೂತುಗಳನ್ನು ರಟ್ಟಿನ ಮೇಲೆ ಅಚ್ಚು ತೆಗೆದು, ಅದನ್ನು ನೋಡಿಕೊಂಡು ಅಲ್ಯೂಮಿನಿಯಂ ಅಡಾಪ್ಟರ್ ಪ್ಲೇಟ್ ಕೊರೆದೆ. ಬೋಲ್ಟೆಲ್ಲ ಚೆನ್ನಾಗಿ ಕೂತವು. ಗಾಡಿಯನ್ನು ಜಾಕ್ ಮೇಲೆ ನಿಲ್ಲಿಸಿ, ನಾಲ್ಕು ಕಾರ್ ಬ್ಯಾಟರಿ ಸಾಲಾಗಿ ಜೋಡಿಸಿ, ಮೋಟಾರ್ ತಿರುಗಿಸಿದೆ. ಚಕ್ರ ತಿರುಗಿತು, ಮನೆಯವರೆಲ್ಲ ಚಪ್ಪಾಳೆ ಹೊಡೆದರು. ವೇಗ ಏರಿಸಿದಂತೆ ಗೇರ್ ಲಿವರ್ ದುಂಬಿಯ ಹಾಗೆ ಗುಂಯ್‌ಗುಟ್ಟಲು ಶುರುವಾಯಿತು. ಮೇಷ್ಟ್ರು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ತಂದು ನೋಡಿದರು. ಎರಡು ಶಾಫ್ಟುಗಳ ಸೆಂಟರ್ 0.4 ಮಿಲಿಮೀಟರ್ ತಪ್ಪಿತ್ತು. "ಕರೆಂಟ್ ಆಮೇಲೆ. ಮೊದಲು ಸೆಂಟರ್" ಅಂದರು. ಅವರಿಗೆ ಬೇಕಿದ್ದುದು 0.05ರ ಒಳಗೆ.

ಅದನ್ನು ಸರಿ ಮಾಡಿದ ರೀತಿ ನನಗೆ ತುಂಬಾ ಇಷ್ಟವಾಯಿತು. ಪ್ಲೇಟನ್ನು ಎರಡು ತುಂಡಾಗಿ ಮಾಡಿದರು. ಗೇರ್‌ಬಾಕ್ಸ್ ಕಡೆ ಒಂದು, ಮೋಟಾರ್ ಕಡೆ ಒಂದು. ನಡುವಿನ ಬೋಲ್ಟ್ ತೂತುಗಳನ್ನು ಬೇಕಂತಲೇ ಸ್ವಲ್ಪ ಸಡಿಲ ಬಿಟ್ಟರು. ಡಯಲ್ ಗೇಜನ್ನು ಮೋಟಾರ್ ಶಾಫ್ಟಿಗೇ ಕಟ್ಟಿ, ಅದರ ಮುಳ್ಳು ಗೇರ್‌ಬಾಕ್ಸಿನ ಬೇರಿಂಗ್ ಕೂರುವ ದುಂಡನೆಯ ಅಂಚನ್ನು ಸವರುವ ಹಾಗೆ ಕೈಯಲ್ಲಿ ನಿಧಾನ ತಿರುಗಿಸಿದರು. ಮುಳ್ಳು ಜಾಸ್ತಿ ಹೋದ ಕಡೆಗೆ ರಬ್ಬರ್ ಸುತ್ತಿಗೆಯಲ್ಲಿ ಒಂದು ಸಣ್ಣ ಏಟು. ಮತ್ತೆ ತಿರುಗಿಸು, ಮತ್ತೆ ಏಟು. ಎರಡು ಗಂಟೆ ಹೀಗೇ. ಮುಳ್ಳು ಅಲುಗಾಡುವುದು ನಿಂತ ಮೇಲೆ ಬೋಲ್ಟ್ ಬಿಗಿದು, ಎರಡೂ ಪ್ಲೇಟನ್ನು ಒಟ್ಟಿಗೆ ಕೊರೆದು ಡೋವೆಲ್ ಪಿನ್ ಹೊಡೆದರು. ಈಗ ಎಷ್ಟು ಸಲ ಬಿಚ್ಚಿ ಕಟ್ಟಿದರೂ ಅದೇ ಸೆಂಟರಿಗೆ ಬಂದು ಕೂರುತ್ತದೆ. ಕಪ್ಲರಿನ ಹೊಟ್ಟೆಗೆ ಹಳೆ ಕ್ಲಚ್ ಡಿಸ್ಕಿನ ನಡುವಿನ ಹಲ್ಲಿನ ಭಾಗವನ್ನೇ ಬಳಸಿದ್ದೇವೆ. ಕ್ಲಚ್ ಇಲ್ಲ. ನಿಂತಾಗ ಮೋಟಾರೂ ನಿಲ್ಲುವುದರಿಂದ ಅದು ಬೇಕಾಗುವುದಿಲ್ಲ.

ಈ ಗಾಡಿಯಲ್ಲಿ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಚಾಸಿಯ ನಡುವೆ ಬೇರೆಯಾಗಿ ಕೂತಿದೆ, ಸಣ್ಣ ಶಾಫ್ಟ್ ಒಂದು ಎರಡನ್ನೂ ಸೇರಿಸುತ್ತದೆ. ಹಾಗಾಗಿ ಗೇರ್‌ಬಾಕ್ಸನ್ನೇ ಕಿತ್ತು ಹಾಕಿ ಮೋಟಾರನ್ನು ನೇರವಾಗಿ ಅದಕ್ಕೆ ಜೋಡಿಸುವವರೂ ಇದ್ದಾರೆ. ನನಗೆ ಮನಸ್ಸಾಗಲಿಲ್ಲ. ಮೊದಲ ಗೇರ್, ಜೊತೆಗೆ ಟ್ರಾನ್ಸ್‌ಫರ್ ಕೇಸಿನ ನಿಧಾನದ ಲೋ ರೇಂಜ್ ಹಾಕಿದರೆ ಚಕ್ರ ಒಂದು ಸುತ್ತು ಬರಲು ಮೋಟಾರ್ 30ಕ್ಕೂ ಜಾಸ್ತಿ ಸುತ್ತು ತಿರುಗಬೇಕು. ಕಲ್ಲಿನ ಮೇಲೆ ಬಸವನ ಹುಳುವಿನ ಹಾಗೆ ಹತ್ತುವ ಆ ಶಕ್ತಿಯನ್ನು ಯಾಕೆ ಬಿಡಬೇಕು, ಅಲ್ವಾ?

ಬ್ಯಾಟರಿ ವಿಷಯಕ್ಕೆ ಬರುತ್ತೇನೆ. ದೊಡ್ಡ ಎಲೆಕ್ಟ್ರಿಕ್ ಕಾರುಗಳ 350-400 ವೋಲ್ಟಿನ ಹಳೆ ಪ್ಯಾಕ್ ಬಳಸಿದರೆ ಶಕ್ತಿ ಜಾಸ್ತಿ ಸಿಗುತ್ತದೆ. ಆದರೆ ಮನೆಯ ಶೆಡ್ಡಿನಲ್ಲಿ, ಒಬ್ಬನೇ ಕೂತು, ಅಷ್ಟು ವೋಲ್ಟಿನ ಮುಂದೆ ಸ್ಪ್ಯಾನರ್ ಹಿಡಿಯಲು ನನಗೆ ಧೈರ್ಯ ಇರಲಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ತೆಗೆದುಕೊಂಡೆ. ಒಂದೊಂದು 3.2 ವೋಲ್ಟ್, 280 ಆಂಪಿಯರ್-ಅವರ್. 32 ಸೆಲ್ ಸಾಲಾಗಿ ಜೋಡಿಸಿದರೆ 102 ವೋಲ್ಟ್, ಸುಮಾರು 28 ಯೂನಿಟ್ ಕರೆಂಟ್. ಹಾಗಂತ 102 ವೋಲ್ಟ್ ಏನು ಆಟದ ಸಾಮಾನಲ್ಲ. ಎಲೆಕ್ಟ್ರಿಕ್ ವಾಹನಗಳ ನಿಯಮದಲ್ಲಿ 60 ವೋಲ್ಟ್ ಡಿಸಿ ದಾಟಿದರೆ ಅದು ಹೈ ವೋಲ್ಟೇಜೇ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲವಾದರೂ ಸೊನ್ನೆಗೆ ಬರುತ್ತದೆ, ಕಿಡಿ ತಾನಾಗಿ ಆರಲು ಅವಕಾಶ ಇರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಕಿಡಿ ಹೊತ್ತಿದರೆ ಉರಿಯುತ್ತಲೇ ಇರುತ್ತದೆ. ಅದಕ್ಕೇ ಡಿಸಿಗೆಂದೇ ಮಾಡಿದ ಫ್ಯೂಸ್, ಡಿಸಿಗೆಂದೇ ಮಾಡಿದ ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿನ ಸ್ವಿಚ್) ಬೇಕು. ನನ್ನ ಸ್ಪ್ಯಾನರುಗಳಿಗೆಲ್ಲ ಹಿಡಿಯಿಂದ ಬಾಯಿಯ ತನಕ ಟೇಪ್ ಸುತ್ತಿದ್ದೆ. ಉಂಗುರ, ಗಡಿಯಾರ ತೆಗೆದು ಡಬ್ಬಿಯಲ್ಲಿ ಹಾಕಿದ ಮೇಲೇ ಕೆಲಸ.

ಇಲ್ಲೂ ಒಂದು ಪೆದ್ದುತನ. ಹೊಸ ಸೆಲ್‌ಗಳನ್ನೆಲ್ಲ ಒಂದೇ ಮಟ್ಟಕ್ಕೆ ತರಬೇಕು, ಅದಕ್ಕೆ ಎಲ್ಲವನ್ನೂ ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕಟ್ಟಿ 3.65 ವೋಲ್ಟಿಗೆ ಚಾರ್ಜ್ ಮಾಡಬೇಕು ಅಂತ ಓದಿದ್ದೆ. ಕಟ್ಟಿದೆ. 10 ಆಂಪಿಯರಿನ ಸಪ್ಲೈ ಹಾಕಿ ಕಾಯುತ್ತಾ ಕೂತೆ. ಎರಡು ದಿನವಾದರೂ ವೋಲ್ಟ್ ಅಲುಗಾಡಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಒಂದೊಂದು ಸೆಲ್ಲಿಗೆ 200 ಆಂಪಿಯರ್-ಅವರ್ ಬೇಕು, 32 ಸೆಲ್ಲಿಗೆ 6400. ಹತ್ತರಿಂದ ಭಾಗಿಸಿದರೆ 640 ಗಂಟೆ. ಇಪ್ಪತ್ತಾರು ದಿನಕ್ಕೂ ಜಾಸ್ತಿ! ಮತ್ತೆ ಬಿಚ್ಚಿ, ಸಾಲಾಗಿ ಜೋಡಿಸಿ, ಒಂದೊಂದು ಸೆಲ್ಲಿನ ವೋಲ್ಟ್ ಕಾಯುವ ಬಿಎಂಎಸ್ ಸರ್ಕ್ಯೂಟಿನ ಕಾವಲಿನಲ್ಲಿ ದೊಡ್ಡ ಚಾರ್ಜರಿನಿಂದ ಹೆಚ್ಚುಕಡಿಮೆ ತುಂಬಿಸಿ, ಕೊನೆಯ ಸ್ವಲ್ಪಕ್ಕೆ ಮಾತ್ರ ಪ್ಯಾರಲಲ್ ಮಾಡಿದೆ. ಈ ಕಟ್ಟು-ಬಿಚ್ಚುವಿಕೆಯಲ್ಲಿ ಒಂದು ಸೆಲ್ಲಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬಂತು. ಟಾರ್ಕ್ ಸ್ಪ್ಯಾನರ್ ಇಲ್ಲದೆ ಆ ಬೋಲ್ಟುಗಳನ್ನು ಮುಟ್ಟಲೇಬೇಡಿ.

28 ಯೂನಿಟ್ ಅಂದರೆ ಎಷ್ಟು? ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಅಂದರೆ ನಾನು ಬೆನ್ನು ಮುರಿದುಕೊಂಡು ಎತ್ತಿ ಕೂರಿಸಿದ ಬ್ಯಾಟರಿ, ಮೂರು ಲೀಟರ್ ಚಿಲ್ಲರೆ ಪೆಟ್ರೋಲಿಗೆ ಸಮ. ಬರೀ ಸೆಲ್‌ಗಳ ತೂಕವೇ 170 ಕೆಜಿ. ಇದನ್ನು ಲೆಕ್ಕ ಹಾಕಿದ ರಾತ್ರಿ ನಿದ್ದೆ ಬರಲಿಲ್ಲ, ಸುಮ್ನೆ ಹೇಳ್ತಿಲ್ಲ. ಆದರೆ ಪೆಟ್ರೋಲ್ ಎಂಜಿನ್ ತನಗೆ ಸಿಕ್ಕಿದ್ದರಲ್ಲಿ ಬಹುಪಾಲನ್ನು ಬಿಸಿಯಾಗಿ ಹೊರಗೆ ಹಾಕುತ್ತದೆ, ಕಲ್ಲು ದಾರಿಯಲ್ಲಿ ತೆವಳುವಾಗಂತೂ ಇನ್ನೂ ಜಾಸ್ತಿ. ಈಗ ನನಗೆ ಸಮತಟ್ಟು ರಸ್ತೆಯಲ್ಲಿ, ನಿಧಾನ ಹೋದರೆ, ಒಂದು ಚಾರ್ಜಿಗೆ ನೂರು ಕಿಲೋಮೀಟರ್ ಸಿಗುತ್ತದೆ. ಕಾಡುದಾರಿಯಲ್ಲಿ ಕಿಲೋಮೀಟರ್ ಲೆಕ್ಕ ಬಿಟ್ಟು ಗಂಟೆ ಲೆಕ್ಕ ಇಟ್ಟಿದ್ದೇನೆ. ಬೆಳಗ್ಗೆಯಿಂದ ಸಂಜೆಯ ತನಕ ಆರಾಮಾಗಿ ಆಡಬಹುದು.

ಶಕ್ತಿಯ ವಿಷಯದಲ್ಲೂ ಕಾಗದ ನೋಡಿದರೆ ನಷ್ಟವೇ. ಹಳೆ ಎಂಜಿನ್ 60 ಚಿಲ್ಲರೆ ಎಚ್‌ಪಿ. ನನ್ನ ಬ್ಯಾಟರಿ ಕೊಡುವುದು 28 ಕಿಲೋವ್ಯಾಟ್, ಅಂದರೆ 38 ಎಚ್‌ಪಿ. ಆದರೆ ಹತ್ತುವಾಗ ಬೇಕಿರುವುದು ಟಾರ್ಕ್. ಡ್ಯಾಶಿನಲ್ಲಿ ಎರಡು ಮೀಟರ್ ಹಾಕಿದ್ದೇನೆ. ಬಂಡೆಗೆ ಚಕ್ರ ತಾಗಿಸಿ ಮೆಲ್ಲಗೆ ಒತ್ತಿದಾಗ ಮೋಟಾರ್ ಮೀಟರ್ 400 ಆಂಪಿಯರ್ ತೋರಿಸುತ್ತದೆ, ಬ್ಯಾಟರಿ ಮೀಟರ್ ಬರೀ 30. ಮೊದಲ ಸಲ ನೋಡಿದಾಗ ಯಾವುದೋ ಒಂದು ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಮೋಟಾರ್ ನಿಧಾನ ತಿರುಗುವಾಗ ಅದಕ್ಕೆ ವೋಲ್ಟ್ ಸ್ವಲ್ಪವೇ ಸಾಕು, ಹಾಗಾಗಿ ಬ್ಯಾಟರಿಗೂ ಮೋಟಾರಿಗೂ ನಡುವಿನ ಕಂಟ್ರೋಲರ್ ವೋಲ್ಟ್ ಇಳಿಸಿ ಆಂಪಿಯರ್ ಏರಿಸಿ ಕೊಡುತ್ತದೆ. ಎಂಜಿನ್ ಆಗಿದ್ದರೆ ಅಲ್ಲಿ ಕ್ಲಚ್ ಸುಟ್ಟ ವಾಸನೆ ಬರುತ್ತಿತ್ತು, ಇಲ್ಲವೇ ಎಂಜಿನ್ ಆಫ್. ಒಂದು ಎಚ್ಚರಿಕೆ: ಏರಿನಲ್ಲಿ ಬ್ರೇಕ್ ಬಿಟ್ಟು ಮೋಟಾರ್ ಬಲದಲ್ಲೇ ಗಾಡಿ ನಿಲ್ಲಿಸಿಕೊಂಡು ಹರಟೆ ಹೊಡೆಯಬೇಡಿ. ತಿರುಗದೆ ನಿಂತ ಮೋಟಾರಿಗೆ ಕರೆಂಟ್ ಹರಿಯುತ್ತಿದ್ದರೆ ಮೋಟಾರೂ ಕಂಟ್ರೋಲರೂ ಬೇಗ ಬಿಸಿಯಾಗುತ್ತವೆ.

ಎಚ್‌ಪಿ ಕಡಿಮೆ ಅಂತ ಕೊರಗುವವರಿಗೆ ನಾನು ಚಂದ್ರನ ಗಾಡಿಯ ಕಥೆ ಹೇಳುತ್ತೇನೆ. 1971ರಲ್ಲಿ ಅಪೋಲೋ 15ರವರು ತೆಗೆದುಕೊಂಡು ಹೋದ ರೋವರ್‌ಗೆ ಒಂದೊಂದು ಚಕ್ರಕ್ಕೆ ಕಾಲು ಎಚ್‌ಪಿ ಮೋಟಾರ್. ನಾಲ್ಕೂ ಸೇರಿ ಒಂದೇ ಒಂದು ಎಚ್‌ಪಿ. ಬ್ಯಾಟರಿ 36 ವೋಲ್ಟಿನದು ಎರಡು, ರೀಚಾರ್ಜ್ ಸೌಲಭ್ಯ ಇಲ್ಲ. ಅಲ್ಲಿ ಗುರುತ್ವ ಕಡಿಮೆ, ನಿಜ. ಆದರೂ ಅದಕ್ಕಿಂತ ದೊಡ್ಡ ಆಫ್‌ರೋಡಿಂಗ್ ಯಾರೂ ಮಾಡಿಲ್ಲವಲ್ಲ.

ಬ್ರೇಕ್ ಬಗ್ಗೆ ಹೇಳಲೇಬೇಕು. ಪೆಟ್ರೋಲ್ ಗಾಡಿಯಲ್ಲಿ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಎಂಜಿನಿನಿಂದಲೇ ಬರುತ್ತದೆ. ಎಂಜಿನ್ ಹೋದರೆ ಅದೂ ಹೋಯಿತು. ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಹಾಕಬೇಕು. ನಾನು ಹಾಕಿದ್ದೆ. ಆದರೆ ಇಳಿಜಾರಿನಲ್ಲಿ ರೀಜೆನ್ ಇದೆಯಲ್ಲ, ಮೋಟಾರೇ ಕರೆಂಟ್ ತಯಾರಿಸಿ ಬ್ಯಾಟರಿಗೆ ಕಳಿಸುತ್ತಾ ಗಾಡಿಯನ್ನು ಹಿಡಿದುಕೊಳ್ಳುತ್ತದೆ ಅಂತ ಧೈರ್ಯವಾಗಿದ್ದೆ. ಒಂದು ಬೆಳಗ್ಗೆ ಫುಲ್ ಚಾರ್ಜ್ ಮಾಡಿಕೊಂಡು ನೇರವಾಗಿ ದೊಡ್ಡ ಇಳಿಜಾರಿಗೆ ಇಳಿದೆ. ಅರ್ಧ ಇಳಿದಾಗ ಹಿಡಿತ ಪಟ್ ಅಂತ ಬಿಟ್ಟುಹೋಯಿತು. ಬ್ಯಾಟರಿ ತುಂಬಿದೆ, ಬರುವ ಕರೆಂಟ್ ಎಲ್ಲಿಗೆ ಹಾಕಬೇಕು? ಕಂಟ್ರೋಲರ್ ರೀಜೆನ್ ನಿಲ್ಲಿಸಿಬಿಟ್ಟಿತ್ತು. ಕಾಲು ಬ್ರೇಕಿನ ಮೇಲೇ ಇದ್ದಿದ್ದರಿಂದ ಬಚಾವಾದೆ. ಈಗ ಶೇಕಡಾ 90ಕ್ಕೆ ಚಾರ್ಜ್ ನಿಲ್ಲಿಸುತ್ತೇನೆ. ತಿಂಗಳಿಗೊಮ್ಮೆ, ಇಳಿಜಾರಿನ ಕಡೆ ಹೋಗದ ದಿನ, ಸೆಲ್‌ಗಳು ಸಮ ಆಗಲಿ ಅಂತ ಪೂರ್ತಿ ತುಂಬಿಸುತ್ತೇನೆ.

ನೀರಿಗೆ ಇಳಿಯುವುದನ್ನು ಬಿಟ್ಟಿಲ್ಲ. ಈಗ ಕೋಲು ಗಾಡಿಯಲ್ಲೇ ಇರುತ್ತದೆ. ಹೊಳೆ ದಾಟಿ ಬಂದ ಮೇಲೆ ಬ್ಯಾಟರಿಯ ಪ್ಲಸ್, ಮೈನಸ್ ಎರಡರಿಂದಲೂ ಚಾಸಿಗೆ ಮಲ್ಟಿಮೀಟರ್ ಹಿಡಿದು ನೋಡುತ್ತೇನೆ. ಈ ಪ್ಯಾಕ್ ಚಾಸಿಗೆ ಎಲ್ಲೂ ತಾಗಿರಬಾರದು, ಮೈನಸ್ ಕೂಡ. ಒಮ್ಮೆ 40 ವೋಲ್ಟ್ ತೋರಿಸಿತು. ಹುಡುಕಿದರೆ ಒಂದು ಕನೆಕ್ಟರ್ ಒಳಗೆ ಕೆಸರು ಮೆತ್ತಿಕೊಂಡಿತ್ತು.

ರಸ್ತೆಗೆ ಇಳಿಸುವ ಕಾಗದಪತ್ರದ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ತರ. ಎಂಜಿನ್ ಕಳಚುವ ಮೊದಲೇ ವಿಚಾರಿಸಿಕೊಳ್ಳಿ, ಆಮೇಲೆ ಅಲ್ಲ.

ಎಂಜಿನ್ ಸದ್ದು ಹೋದ ಮೇಲೆ ಗಾಡಿ ನಿಶ್ಶಬ್ದವಾಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಮೂವತ್ತು ವರ್ಷ ಎಂಜಿನ್ ಮುಚ್ಚಿಟ್ಟಿದ್ದ ಸದ್ದುಗಳೆಲ್ಲ ಹೊರಗೆ ಬಂದಿವೆ. ಟ್ರಾನ್ಸ್‌ಫರ್ ಕೇಸ್ ಊಳಿಡುತ್ತದೆ. ಪಟ್ಟಿ ಸ್ಪ್ರಿಂಗ್ ಕಿರುಗುಟ್ಟುತ್ತದೆ. ಬಾಗಿಲಿನ ಒಳಗೆ ಯಾವುದೋ ನಟ್ ಉರುಳಾಡುತ್ತದೆ, ಇನ್ನೂ ಸಿಕ್ಕಿಲ್ಲ. ಮೇಷ್ಟ್ರು ಮೊನ್ನೆ ಬಂದವರು ಗಾಡಿಯ ಕೆಳಗೆ ನಾನು ಹಾಸಿದ್ದ ರಟ್ಟು ನೋಡಿ, "ಕರೆಂಟ್ ಗಾಡಿಗೂ ಆಯಿಲ್ ಸೋರುತ್ತಾ?" ಅಂದರು. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲ್ ಅದು. ಮುಂದಿನ ಶನಿವಾರ ಬದಲಿಸಬೇಕು.